ಆಕ್ಸಿರಿಂಕಸ್ ಪ್ರಹಸನ: ಅದರಲ್ಲಿ ಕನ್ನಡ ಇದೆಯೋ ಇಲ್ಲವೋ, ನಮ್ಮನ್ನು ನೋಡಿ ನಕ್ಕಿದ್ದಂತೂ ನಿಜ

ತೆರೆಮರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನ ಸಣ್ಣ ಹವ್ಯಾಸಿ ತಂಡ. ಈ ಸಲ ಆಕ್ಸಿರಿಂಕಸ್ ಪ್ರಹಸನವನ್ನು ಕನ್ನಡದಲ್ಲಿ ಓದೋಣ ಅಂತ ಹೊರಟೆವು. "ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಮಾತು" ಅಂತ ಕೇಳುತ್ತಾ ಬಂದಿದ್ದೇವಲ್ಲ, ಅದೇ. ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನಲ್ಲಿ ಸಿಕ್ಕಿದ ಹಳೇ ಕಾಗದದಲ್ಲಿರೋದು. ಹೆಮ್ಮೆಯಿಂದಲೇ ಶುರು ಮಾಡಿದ್ದು. ಪೂರ್ತಿ ಓದಿದ ಮೇಲೆ ಯಾಕೋ ಮುಜುಗರ ಆಗುತ್ತಿದೆ.

ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಖರಿತಿಯೊನ್ ಅನ್ನೋ ಗ್ರೀಕ್ ಹುಡುಗಿ ಇಂಡಿಯಾದ ಕಡಲತೀರದ ಒಂದು ಗುಡಿಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಚಂದ್ರದೇವತೆ ಸೆಲೀನೆಯ ಗುಡಿ. ಅಣ್ಣ ಹಡಗು ತಂದು ಬಿಡಿಸಿಕೊಂಡು ಹೋಗಲು ಬರುತ್ತಾನೆ, ಜೊತೆಗೊಬ್ಬ ಕೋಡಂಗಿ. ಇಲ್ಲಿನ ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ವೈನ್ ಕುಡಿಸುತ್ತಾರೆ. ರಾಜ ಮತ್ತೇರಿ ಕುಣಿಯುತ್ತಾನೆ. ಅವನನ್ನು ಕಟ್ಟಿಹಾಕಿ ಎಲ್ಲರೂ ಓಡಿಹೋಗುತ್ತಾರೆ. ಅಷ್ಟೇ.

ಕೋಡಂಗಿಯ ಆಯುಧ ಏನು ಗೊತ್ತಾ? ಹೂಸು. ತಮಾಷೆಗೆ ಹೇಳುತ್ತಿಲ್ಲ. ಅದನ್ನೇ ಅಮ್ಮಾ ತಾಯಿ ಅಂತ ಕರೆದು, ಬದುಕಿ ಉಳಿದರೆ ಬೆಳ್ಳಿಯ ಹರಕೆ ಒಪ್ಪಿಸುತ್ತೇನೆ ಅಂತಾನೆ.

ಇದೆಲ್ಲ ಸರಿ, ಪ್ರಹಸನ ಅಂದಮೇಲೆ ಇರೋದೇ. ನಾನು ನಿಂತಿದ್ದು ರಾಜನ ಒಂದು ಸಾಲಿನಲ್ಲಿ. ಕನ್ನಡ ಅನ್ನೋ ಮಾತೆಲ್ಲ ಈ ರಾಜ ಮತ್ತವನ ಜನರ ಬಾಯಲ್ಲೇ ಇರೋದು, ಆದರೂ ಅವನಿಗೆ ನಡುವೆ ಸ್ವಲ್ಪ ಗ್ರೀಕ್ ಪದ್ಯ ಬರುತ್ತದೆ. ಕುಣಿಯುತ್ತಾ "ಸೆಲೀನೆ ದೇವಿ, ನಾನು ಬರ್ಬರರ ಮೇಳ ಕಟ್ಟಿ ಕುಣಿಸುತ್ತಿದ್ದೇನೆ, ಬರ್ಬರ ಹೆಜ್ಜೆ ಹಾಕುತ್ತಿದ್ದೇನೆ" ಅನ್ನೋ ಅರ್ಥದ ಮಾತು ಹೇಳುತ್ತಾನೆ. ಬರ್ಬರ ಅನ್ನೋದು ಗ್ರೀಕರು ಪರರನ್ನು ಕರೆಯುವ ಹೆಸರು. ತನ್ನನ್ನೇ ತಾನು ಬರ್ಬರ ಅಂದುಕೊಳ್ಳುವ ರಾಜ ಎಲ್ಲಾದರೂ ಇರ್ತಾನಾ? ನಾವು ಇಷ್ಟು ವರ್ಷ ಐದಾರು ಶಬ್ದ ಕನ್ನಡವೋ ಅಲ್ಲವೋ ಅಂತ ಜಗಳ ಆಡಿದೆವು. ಆ ಬಾಯಿ ಯಾರದು ಅಂತ ಕೇಳಲೇ ಇಲ್ಲ ಅನಿಸಿತು.

ಮಲ್ಪೆ_ಬಂದರು

ಎಂತದ್ದು ಮುಜುಗರ ಮಾರಾಯ್ರೆ! ನಮ್ಮ ಊರಿನ ಹೆಸರು ಆ ಕಾಗದದಲ್ಲಿ ಉಂಟು. "ಮಲ್ಪಿನಿಯಕ" ಅಂತ ಒಂದು ಶಬ್ದ ಬರ್ತದೆ, ಅದನ್ನು ಮಲ್ಪೆ ನಾಯಕ ಅಂತ ಓದಿದವರು ಇದ್ದಾರೆ. ತುಳುನಾಡಿನ ಚರಿತ್ರೆ ಬರೆದ ಸಾಲೆತೊರೆಯವರು ಈ ಕತೆ ನಡೆದದ್ದು ಉಡುಪಿ ಮಲ್ಪೆ ಹತ್ತಿರವೇ ಅಂತ ಹೇಳಿದ್ದು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದಿದ್ದಾರೆ. ಭಾಷೆ ಕನ್ನಡ ಅಲ್ಲ ತುಳು ಅನ್ನುವವರೂ ಉಂಟು, ಅದು ಬೇರೆ ಜಗಳ.

ನಕ್ಕರೆ ನಗಲಿ. ಸಾವಿರದ ಎಂಟುನೂರು ವರ್ಷದ ಹಿಂದೆ ಈಜಿಪ್ಟಿನಲ್ಲಿ ನಮ್ಮ ಕಡಲಕರೆ ಗೊತ್ತಿತ್ತಲ್ಲ, ಅದು ಸಾಕು ನನಗೆ.

ಧಾತು_ಪ್ರತ್ಯಯ

ಭಾಷೆಯ ವಿಷಯ ಬಂದಿದ್ದಕ್ಕೆ ಬಾಯಿ ಹಾಕುತ್ತಿದ್ದೇನೆ. ಪಪೈರಸ್‌ನಲ್ಲಿ, ಅಂದರೆ ಆ ಹಳೇ ಜೊಂಡಿನ ಕಾಗದದಲ್ಲಿ, ಗ್ರೀಕ್ ಲಿಪಿಯಲ್ಲಿ ಇರೋದು ಹೀಗೆ: "ಬೆರೆ ಕೊಂಜೆಯಿ ದಾಮುನ್ ಪೆತ್ರೆಕಿಯೊ ಪಕ್ತೆಯಿ". ಇದನ್ನು "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಓದಿದ್ದಾರೆ. ಇದು ಕನ್ನಡ ಅಂತ ಮೊದಲು ಹೇಳಿದ್ದು ಜರ್ಮನ್ ಶಾಸನತಜ್ಞ ಹುಲ್ಷ್, 1904ರಲ್ಲಿ. ಆಮೇಲೆ ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು, ಅರ್ಥಶಾಸ್ತ್ರದ ಓಲೆ ಪತ್ತೆ ಮಾಡಿದವರು, ಅದನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಅನ್ನೋ ವಿದ್ವಾಂಸ "ಒಪ್ಪಲ್ಲ" ಅಂದರು.

ನನಗೆ ಅರ್ಧ ಇಷ್ಟ, ಅರ್ಧ ಅನುಮಾನ. "ಬೆರೆ ಕೊಂಜೆಯಿ" ಕೇಳಿದ ತಕ್ಷಣ ಕಿವಿ ನಿಮಿರುತ್ತದೆ, ಸುಳ್ಳು ಹೇಳಲ್ಲ. ಹ ಬದಲು ಪ ಇರೋದೂ ಒಳ್ಳೇದೇ. ಹಳಗನ್ನಡದ ಪ ಆಮೇಲೆ ತಾನೇ ಹ ಆಗಿದ್ದು, ಪಾಲು ಹಾಲಾದ ಹಾಗೆ. ಆದರೆ "ದಾಮುನ್" ಹೋಗಿ "ಮಧು" ಆಗಬೇಕಾದರೆ ಅಕ್ಷರವನ್ನೇ ಹಿಂದು ಮುಂದು ಮಾಡಬೇಕು. ಹಾಗೆ ಮಾಡುತ್ತಾ ಹೋದರೆ ಯಾವ ಭಾಷೆಯನ್ನಾದರೂ ಯಾವ ಭಾಷೆಯಾದರೂ ಮಾಡಬಹುದು, ಅಲ್ವಾ?

ಇನ್ನೊಂದು ತಮಾಷೆ. ಇದೇ ಕೆಲಸ ಗ್ರೀಕ್ ನಾಟಕಕಾರ ಅರಿಸ್ಟೋಫೇನಸ್‌ನ ನಾಟಕದ ಮೇಲೂ ನಡೆದಿದೆ. ಕ್ರಿ.ಪೂ. 425ರ ಅವನ ಒಂದು ಪ್ರಹಸನದಲ್ಲಿ ಪರ್ಷಿಯಾದ ರಾಯಭಾರಿ ವೇದಿಕೆಗೆ ಬಂದು "ಇಯರ್ತಮನ್ ಎಕ್ಸರ್ಕ್ಸನ್ ಅಪಿಸ್ಸೊನ ಸತ್ರ" ಅಂತಾನೆ. ಅದು ನಿಜವಾದ ಪರ್ಷಿಯನ್ನೋ ಸುಮ್ನೆ ಗಲಿಬಿಲಿಯೋ ಅಂತ ವಿದ್ವಾಂಸರು ಇವತ್ತಿಗೂ ಕಿತ್ತಾಡುತ್ತಾರೆ. ನಮ್ಮ ಜಗಳದ ಅವಳಿ.

ಹಾಗಂತ ಎಲ್ಲ ಗಲಿಬಿಲಿ ಅಂತ ತಳ್ಳಿಹಾಕುವ ಹಾಗೂ ಇಲ್ಲ. ರೋಮಿನ ಪ್ಲಾಟಸ್ ತನ್ನ ಒಂದು ನಾಟಕದಲ್ಲಿ ಉತ್ತರ ಆಫ್ರಿಕಾದ ಕಾರ್ತೇಜಿನವನ ಬಾಯಲ್ಲಿ ಅವನ ಊರಿನ ಪ್ಯೂನಿಕ್ ಭಾಷೆಯ ಮಾತು ಇಟ್ಟಿದ್ದಾನೆ. ಅದು ನಿಜವಾದ ಪ್ಯೂನಿಕ್ಕೇ.

ಸಣ್ಣಪ್ರಶ್ನೆ

ದಡ್ಡ ಪ್ರಶ್ನೆ ಅನ್ನಬೇಡಿ. ನಾಟಕ ಗ್ರೀಕ್. ಸಿಕ್ಕಿದ್ದು ಈಜಿಪ್ಟ್. ರಾಜ ನಮ್ಮವನು. ಈಜಿಪ್ಟಿನಲ್ಲಿ ಗ್ರೀಕ್ ನಾಟಕ ಯಾರು ನೋಡ್ತಿದ್ರು?

ನಿವೃತ್ತ ಮೇಷ್ಟ್ರು

ಪ್ರಶ್ನೆ ದಡ್ಡದಲ್ಲಪ್ಪ. ಇಡೀ ವಿಷಯದ ಬುಡ ಇರೋದೇ ಅಲ್ಲಿ.

ಅಲೆಕ್ಸಾಂಡರ್ ಕ್ರಿ.ಪೂ. 332ರಲ್ಲಿ ಈಜಿಪ್ಟ್ ಹಿಡಿದ. ಅವನು ಸತ್ತ ಮೇಲೆ ಅವನ ಸೇನಾಪತಿ ಟಾಲೆಮಿಯ ವಂಶ ಅಲ್ಲಿ ಆಳಿತು. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸಾಯುವವರೆಗೆ. ಸುಮಾರು 300 ವರ್ಷ ಈಜಿಪ್ಟನ್ನು ಆಳಿದ ಆ ಮನೆತನದಲ್ಲಿ ಈಜಿಪ್ಟಿನ ಭಾಷೆ ಕಲಿತ ಮೊದಲಿಗಳು ಆ ಕೊನೆಯ ಕ್ಲಿಯೋಪಾತ್ರಳೇ ಅಂತ ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಇದೊಂದೇ ಸಾಕು ಅಲ್ಲಿನ ಗಾಳಿ ಹೇಗಿತ್ತು ಅಂತ ತಿಳಿಯೋಕೆ.

ಆಕ್ಸಿರಿಂಕಸ್ ಅಂದರೆ ಚೂಪು ಮೂತಿಯ ಮೀನಿನ ಊರು. ಈಗಿನ ಬಹ್ನಸಾ. 1896ರ ಕೊನೆಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಆಕ್ಸ್‌ಫರ್ಡಿನ ಗೆಳೆಯರು ಅಲ್ಲಿನ ತಿಪ್ಪೆ ಅಗೆಯಲು ಕೂತರು. ಹೌದು, ತಿಪ್ಪೆಯೇ. ಊರಿನವರು ನೂರಾರು ವರ್ಷ ಎಸೆದ ಹಳೇ ಕಾಗದ. ಮಳೆ ಇಲ್ಲದ ಮರಳು ಅದನ್ನು ಉಳಿಸಿತ್ತು. ಲೆಕ್ಕದ ಚೀಟಿ, ಮದುವೆ ಕರೆ, ಕಳೆದುಹೋದ ಕಾವ್ಯ ಎಲ್ಲ ಒಟ್ಟೊಟ್ಟಿಗೆ. ಈ ಪ್ರಹಸನ 1903ರಲ್ಲಿ ಅಚ್ಚಾಯಿತು, 413ನೇ ನಂಬರಿನ ಪಪೈರಸ್.

ಈಗ ಯಾರು ನೋಡುತ್ತಿದ್ದರು ಅನ್ನೋದಕ್ಕೆ ಬರುತ್ತೇನೆ. ನನಗೆ ತುಂಬಾ ಇಷ್ಟವಾದ ಒಂದು ಕಾಗದ ಇದೆ, ಇದಕ್ಕಿಂತ ಸುಮಾರು 400 ವರ್ಷ ಹಳೇದು. ಈಜಿಪ್ಟಿನ ಫಯ್ಯೂಮ್ ಕಡೆ ಝೆನೋನ್ ಅನ್ನೋ ಗ್ರೀಕ್ ಪಾರುಪತ್ಯಗಾರ ಇದ್ದ. ಅವನಿಗೆ ಒಬ್ಬ ಒಂಟೆ ನೋಡಿಕೊಳ್ಳುವವನು ದೂರು ಬರೆಸಿದ್ದಾನೆ. ಸಂಬಳ ಕೊಡುತ್ತಿಲ್ಲ, ಬದಲಿಗೆ ಹುಳಿ ವೈನ್ ತಗೋ ಅಂತಾರೆ, ನಾನು ಬರ್ಬರ ಅಂತ ಕೀಳಾಗಿ ನೋಡ್ತಾರೆ, ಪೂರ್ತಿ ಕೂಲಿ ಕೊಡಿಸಿ, ಗ್ರೀಕರ ಹಾಗೆ ನಡೆಯೋಕೆ ಬರಲ್ಲ ಅನ್ನೋ ಕಾರಣಕ್ಕೆ ನಾನು ಹಸಿದು ಸಾಯಬಾರದು. ಇಷ್ಟು ಅದರ ತಿರುಳು.

ಗಮನಿಸಿ. ಅವನು ಈ ದೂರು ಬರೆಸಿದ್ದು ಗ್ರೀಕ್ ಭಾಷೆಯಲ್ಲೇ. ನ್ಯಾಯ ಕೇಳಬೇಕಾದರೂ ಆ ಭಾಷೆಯೇ ಬೇಕಿತ್ತು.

ರೋಮಿನ ಆಳ್ವಿಕೆ ಬಂದ ಮೇಲೂ ಇದು ಹೋಗಲಿಲ್ಲ. ಊರಿನ ವ್ಯಾಯಾಮಶಾಲೆಗೆ ಸೇರಿದ ಮನೆತನ ನಮ್ಮದು ಅಂತ ವಂಶಾವಳಿ ತೋರಿಸಿದವರಿಗೆ ಬೇರೆ ದರ್ಜೆ. ಪಟ್ಟಣದವರಿಗೆ ತಲೆಗಂದಾಯದಲ್ಲಿ ರಿಯಾಯಿತಿ. ಗ್ರೀಕನಾಗಿರೋದು ಅಂದರೆ ಹೋಮರ್ ಓದೋದು ಮಾತ್ರ ಅಲ್ಲ, ಕಾಸಿನ ವಿಷಯವೂ ಹೌದು.

ಅಂದಮೇಲೆ ಆಕ್ಸಿರಿಂಕಸ್ಸಿನ ರಂಗದಲ್ಲಿ ಕೂತು ನಮ್ಮ ಮಲ್ಪೆ ನಾಯಕನನ್ನು ನೋಡಿ ನಕ್ಕವರು ಯಾರು? ಆ ಒಂಟೆಯವನಂಥವರ ಮರಿಮಕ್ಕಳೂ ಅವರಲ್ಲಿ ಇದ್ದಿರಬೇಕು ಅಂತ ನನ್ನ ಊಹೆ. ಒಂದು ಕಾಲಕ್ಕೆ ಬರ್ಬರ ಅನಿಸಿಕೊಂಡವರು ಗ್ರೀಕ್ ಕಲಿತರು. ಆಮೇಲೆ ಇನ್ನೂ ಪೂರ್ವಕ್ಕಿದ್ದವನ ಕಡೆ ಬೆರಳು ತೋರಿಸಿದರು.

ತೆರೆಮರೆ

ಮೇಷ್ಟ್ರೇ, ಹುಳಿ ವೈನ್ ವಿಷಯ ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಪ್ರಹಸನದಲ್ಲೂ ಎಲ್ಲ ನಿಂತಿರೋದು ವೈನ್ ಮೇಲೇ. "ಈ ಸೀಮೆಯಲ್ಲಿ ವೈನ್ ಮಾರಲ್ಲ, ಸಿಕ್ಕಿದರೆ ಅಭ್ಯಾಸ ಇಲ್ಲದೆ ನೀರು ಬೆರೆಸದೆ ಕುಡಿದುಬಿಡ್ತಾರೆ" ಅಂತ ಒಬ್ಬ ಹೇಳುತ್ತಾನೆ. ಗ್ರೀಕರು ಯಾವಾಗಲೂ ನೀರು ಬೆರೆಸಿಯೇ ಕುಡಿಯುವವರು. ಹಸಿ ವೈನ್ ಕುಡಿದರೆ ಮನುಷ್ಯ ಕೆಟ್ಟ ಅನ್ನೋ ನಂಬಿಕೆ. ಸ್ಪಾರ್ಟಾದ ರಾಜ ಕ್ಲಿಯೋಮೆನಿಸ್‌ಗೆ ಹುಚ್ಚು ಹಿಡಿದಿದ್ದು ಸಿಥಿಯನ್ನರ ಸಹವಾಸದಲ್ಲಿ ಹಸಿ ವೈನ್ ಕುಡಿದು ಅಂತ ಸ್ಪಾರ್ಟಾದವರು ಹೇಳುತ್ತಿದ್ದರಂತೆ. ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಬರೆದಿದ್ದಾನೆ.

ಲೋಟ ನೋಡಿ ಜಾತಿ ಹೇಳೋದು ನಮಗೂ ಹೊಸದೇನಲ್ಲ, ಬಿಡಿ.

ಹಳೇಕಾಸು

ನಾನು ಸ್ವಲ್ಪ ತಕರಾರು ಎತ್ತುತ್ತೇನೆ. ನೀವೆಲ್ಲ ನಾಟಕದ ಗ್ರೀಕರನ್ನು ನೋಡುತ್ತಿದ್ದೀರಿ. ನಾಟಕ ಬರೆದವನು ಇಂಡಿಯಾ ನೋಡಿದ್ದನೋ ಇಲ್ಲವೋ. ಇಲ್ಲಿಗೆ ಬಂದು ಇದ್ದ ಗ್ರೀಕರನ್ನೂ ಒಮ್ಮೆ ನೋಡಿ.

ಅಫ್ಘಾನಿಸ್ತಾನದಲ್ಲಿ ಆಮು ದರಿಯಾ ಮತ್ತು ಕೊಕ್ಚಾ ನದಿ ಕೂಡುವಲ್ಲಿ ಐ ಖಾನುಮ್ ಅಂತ ಊರು. 1961ರಲ್ಲಿ ದೊರೆ ಝಾಹಿರ್ ಶಾ ಬೇಟೆಗೆ ಹೋದಾಗ ಕೆತ್ತಿದ ಕಲ್ಲು ಕಣ್ಣಿಗೆ ಬಿತ್ತು. ಆಮೇಲೆ ಫ್ರೆಂಚರು 1978ರವರೆಗೆ ಅಗೆದರು. ಗ್ರೀಕ್ ರಂಗಮಂದಿರ ಇದೆ, ವ್ಯಾಯಾಮಶಾಲೆ ಇದೆ. ಗ್ರೀಸಿನ ಡೆಲ್ಫಿಯ ದೇವಸ್ಥಾನದಿಂದ ನಕಲು ಮಾಡಿ ತಂದ ನೀತಿವಾಕ್ಯ ಕಲ್ಲಿನಲ್ಲಿದೆ. ಮಗುವಾಗಿದ್ದಾಗ ವಿನಯ, ಹರೆಯದಲ್ಲಿ ಹಿಡಿತ, ನಡುವಯಸ್ಸಿನಲ್ಲಿ ನ್ಯಾಯ, ಮುಪ್ಪಿನಲ್ಲಿ ಒಳ್ಳೆ ಸಲಹೆ, ಸಾಯುವಾಗ ದುಃಖ ಬೇಡ. ಎಷ್ಟು ಸಾವಿರ ಮೈಲಿ! ಆದರೆ ಅದೇ ಊರಿನ ದೊಡ್ಡ ದೇವಸ್ಥಾನ ಗ್ರೀಕ್ ಮಾದರಿಯದ್ದಲ್ಲ. ದಪ್ಪ ಮಣ್ಣಿಟ್ಟಿಗೆಯ ಗೋಡೆ, ಹೊರಗೆಲ್ಲ ಗೂಡು ಗೂಡು, ಮೆಸೊಪೊಟೇಮಿಯಾ ಕಡೆಯ ಕಟ್ಟಡದ ಹಾಗೆ.

ನನ್ನ ಪ್ರೀತಿಯ ವಿಷಯ ನಾಣ್ಯ. ಅಗಾಥೊಕ್ಲಿಸ್ ಅನ್ನೋ ಗ್ರೀಕ್ ರಾಜ ಕ್ರಿ.ಪೂ. ಎರಡನೇ ಶತಮಾನದಲ್ಲಿ ಹೊರಡಿಸಿದ ಬೆಳ್ಳಿ ಕಾಸು ಆರು ಅಲ್ಲೇ ಸಿಕ್ಕಿವೆ. ಚೌಕ ಆಕಾರ, ಗ್ರೀಕರ ದುಂಡು ಕಾಸಲ್ಲ, ನಮ್ಮ ಕಡೆಯ ಮಾದರಿ. ಒಂದು ಮುಖದಲ್ಲಿ ನೇಗಿಲು ಹಿಡಿದ ಬಲರಾಮ, ಇನ್ನೊಂದರಲ್ಲಿ ಚಕ್ರ ಹಿಡಿದ ವಾಸುದೇವ. ಒಂದು ಕಡೆ ಗ್ರೀಕ್ ಅಕ್ಷರ, ಇನ್ನೊಂದು ಕಡೆ ಬ್ರಾಹ್ಮಿ. ಚಿತ್ರ ನೋಡಿದರೆ ನಗು ಬರುತ್ತದೆ, ದೇವರ ಪಾದರಕ್ಷೆಯ ತುದಿ ಮೇಲಕ್ಕೆ ತಿರುಗಿದೆ. ಕೆತ್ತಿದವನು ಕೇಳಿದ್ದನ್ನು ತನಗೆ ತಿಳಿದ ಹಾಗೆ ಕೆತ್ತಿದ್ದಾನೆ.

ವಿದಿಶಾ ಹತ್ತಿರದ ಕಂಬ ಗೊತ್ತಿರಬೇಕು. ಊರವರು ಖಂಬ್ ಬಾಬಾ ಅಂತ ಪೂಜೆ ಮಾಡುತ್ತಿದ್ದರು. ಸಿಂಧೂರ ಬಳಿದೂ ಬಳಿದೂ ದಪ್ಪ ಪದರ ಕೂತಿತ್ತು. 1877ರಲ್ಲಿ ಕನ್ನಿಂಗ್‌ಹ್ಯಾಮ್ ಬಂದು ನೋಡಿದರೂ ಅಡಿಯಲ್ಲಿ ಅಕ್ಷರ ಇದೆ ಅಂತ ಗೊತ್ತಾಗಲಿಲ್ಲ. 1909ರ ಹೊತ್ತಿಗೆ ಸಿಂಧೂರ ತೆಗೆದಾಗ ಓದಲು ಸಿಕ್ಕಿತು: ತಕ್ಷಶಿಲೆಯ ದಿಯೋನನ ಮಗ ಹೆಲಿಯೊಡೋರಸ್, ಯವನ (ಅಂದರೆ ಗ್ರೀಕ್) ದೂತ, ಭಾಗವತ, ವಾಸುದೇವನಿಗೆ ಗರುಡಧ್ವಜ ನಿಲ್ಲಿಸಿದ. ಇವನು ನಮ್ಮನ್ನು ನೋಡಿ ನಕ್ಕನಾ?

ನಿವೃತ್ತ ಮೇಷ್ಟ್ರು

ಒಳ್ಳೆ ತಕರಾರು ಎತ್ತಿದಿರಿ. ಇಲ್ಲಿ ನೆಲೆ ನಿಂತವರಿಗೆ ನಗೋಕೆ ಪುರುಸೊತ್ತು ಇರಲಿಲ್ಲ. ಅಕ್ಕಪಕ್ಕದವರ ಜೊತೆ ಬದುಕಬೇಕಿತ್ತು. ನಗು ಬರೋದು ದೂರ ಕೂತಾಗ.

ಆದರೆ 19ನೇ ಶತಮಾನದ ಯುರೋಪ್ ಈ ಕಾಸು, ಕಂಬ ಎಲ್ಲ ನೋಡಿ ಏನು ಮಾಡಿತು ಅದನ್ನೂ ಹೇಳಬೇಕು. ಜರ್ಮನಿಯ ಚರಿತ್ರೆಕಾರ ಡ್ರಾಯ್ಸನ್ ಅಲೆಕ್ಸಾಂಡರ್ ಆಮೇಲಿನ ಆ ಗ್ರೀಕರ ಕಾಲಕ್ಕೆ ಹೆಲೆನಿಸಂ ಅನ್ನೋ ಹೆಸರನ್ನು ಚಾಲ್ತಿಗೆ ತಂದ. ಅಲ್ಲಿಂದ ಕತೆ ಒಂದೇ ದಿಕ್ಕಿಗೆ ಹರಿಯಿತು, ಗ್ರೀಕರು ಕೊಟ್ಟರು, ಪೂರ್ವದವರು ತಗೊಂಡರು. ಗಾಂಧಾರದ ಬುದ್ಧನ ಮೂರ್ತಿ ನೋಡಿದರೆ ಗ್ರೀಕ್ ದೇವರು ಅಪೊಲೊ ಕಾಣಿಸಿದ. ಆನಂದ ಕುಮಾರಸ್ವಾಮಿ 1927ರಲ್ಲಿ ಅದಕ್ಕೆ ಎದುರು ನಿಂತು ಬರೆದರು. ಬುದ್ಧನನ್ನು ಮೂರ್ತಿ ಮಾಡುವ ದಾರಿ ಮಥುರೆಯ ಯಕ್ಷರ ಕಡೆಯಿಂದಲೂ ಬಂದಿದೆ ಅಂತ. 1938ರಲ್ಲಿ ಟಾರ್ನ್ ಅನ್ನೋ ಇಂಗ್ಲಿಷಿನವರು ಬ್ಯಾಕ್ಟ್ರಿಯಾ (ಐ ಖಾನುಮ್ ಇರೋ ಸೀಮೆ) ಮತ್ತು ಇಂಡಿಯಾದ ಗ್ರೀಕರನ್ನು ಗ್ರೀಕ್ ಚರಿತ್ರೆಯ ಒಂದು ಅಧ್ಯಾಯವಾಗಿ ಬರೆದರು. 1957ರಲ್ಲಿ ನಮ್ಮ ಎ.ಕೆ. ನಾರಾಯಣ್ ಅವರು, ಇಲ್ಲ, ಅದು ಇಂಡಿಯಾ ಚರಿತ್ರೆಯ ಅಧ್ಯಾಯ ಅಂದರು. ಕಾಸು ಅದೇ, ಕಪಾಟು ಬೇರೆ.

ನಾಟಕದವರಿಗೆ ಇಷ್ಟ ಆಗೋದು ಯವನಿಕೆ ಕತೆ. ಸಂಸ್ಕೃತ ನಾಟಕದಲ್ಲಿ ಪರದೆಗೆ ಯವನಿಕೆ ಅಂತಾರಲ್ಲ. ಯವನ ಅಂದರೆ ಗ್ರೀಕ. ಹಾಗಾದರೆ ನಿಮ್ಮ ನಾಟಕವೇ ಗ್ರೀಕರಿಂದ ಬಂದಿದ್ದು ಅಂತ ಕೆಲವು ಜರ್ಮನ್ ಪಂಡಿತರು ವಾದ ಹೂಡಿದರು. ತಮಾಷೆ ಏನು ಗೊತ್ತಾ? ಆ ಕಾಲದ ಗ್ರೀಕ್ ರಂಗಕ್ಕೆ ಅಂಥ ಪರದೆಯೇ ಇರಲಿಲ್ಲ. ಬಯಲು ರಂಗ ಅದು. ಇಲ್ಲದ ಪರದೆಯನ್ನು ನಮಗೆ ದಾನ ಕೊಟ್ಟರು!

ಧಾತು_ಪ್ರತ್ಯಯ

ಯವನ ಶಬ್ದಕ್ಕೇ ಒಂದು ಪ್ರಯಾಣ ಇದೆ. ಟರ್ಕಿಯ ಕರಾವಳಿಯಲ್ಲಿದ್ದ ಗ್ರೀಕರು ಅಯೋನಿಯನ್ನರು. ಪರ್ಷಿಯನ್ನರ ಬಾಯಲ್ಲಿ ಅದು ಯೌನ. ಅಲ್ಲಿಂದ ನಮ್ಮಲ್ಲಿ ಯವನ, ಪ್ರಾಕೃತದಲ್ಲಿ ಯೋನ. ಪರ್ಷಿಯನ್ನರು ತಮ್ಮ ಶಾಸನದಲ್ಲಿ ಒಂದು ಬಗೆಯ ಗ್ರೀಕರನ್ನು "ಯೌನ ತಕಬರ" ಅಂತಾರೆ. ಗುರಾಣಿ ಹೊತ್ತ ಗ್ರೀಕರು ಅಂತ ಪದಶಃ ಅರ್ಥ. ತಲೆ ಮೇಲೆ ಗುರಾಣಿ ಇಟ್ಟ ಹಾಗೆ ಅಗಲ ಟೋಪಿ ಹಾಕಿದವರು ಅಂತ ಅದನ್ನು ವಿವರಿಸುತ್ತಾರೆ. ನೋಡಿ, ಪೂರ್ವದವರೂ ಸುಮ್ನೆ ಕೂತಿರಲಿಲ್ಲ. ಅವರ ಕಣ್ಣಿಗೆ ಇವರು ಟೋಪಿಯವರು.

ಬರ್ಬರ ಶಬ್ದವೂ ಹಾಗೇ. ಗ್ರೀಕರ ಬಾರ್ಬರೋಸ್, ಬರ್ ಬರ್ ಅಂತ ಅರ್ಥವಾಗದ ಹಾಗೆ ಮಾತಾಡುವವನು. ಸಂಸ್ಕೃತದಲ್ಲೂ ಬರ್ಬರ ಇದೆ, ಮಹಾಭಾರತದ ಜನಾಂಗಗಳ ಪಟ್ಟಿಯಲ್ಲಿ ಬರುತ್ತಾರೆ. ಈಗ ನಮ್ಮ ಪೇಪರ್‌ನಲ್ಲಿ ದಿನಾ "ಬರ್ಬರ ಹತ್ಯೆ". ಭಾಷೆ ಬಾರದವನು ಕೊಲೆಗಾರ ಆಗಿಹೋದ.

ಸಣ್ಣಪ್ರಶ್ನೆ

ಅಂದ್ರೆ ತಮಿಳುನಾಡಿಗೆ ಹೋದಾಗ ನಾನೂ ಬರ್ಬರ.

ಮಲ್ಪೆ_ಬಂದರು

ಬೆಂಗಳೂರಿಗೆ ಬಂದರೆ ನಾನು ಬರ್ಬರ. "ಎಂತ ಮಾರಾಯ" ಅಂದ ಕೂಡಲೇ ನಗ್ತಾರೆ. ಸಿನಿಮಾದಲ್ಲಿ ಮಂಗಳೂರು ಕನ್ನಡ ಅಂದರೆ ಕಾಮಿಡಿಗೆ ಮಾತ್ರ ಇಡುವುದು. ಈಗ ಅರ್ಥ ಆಯ್ತು ತೆರೆಮರೆಯವರ ಮುಜುಗರ.

ಅಲೆಮಾರಿ_ಓದುಗ

ತಡವಾಗಿ ಬಂದೆ. ಒಂದು ಎಚ್ಚರಿಕೆ. ಎಡ್ವರ್ಡ್ ಸೈದ್ 1978ರಲ್ಲಿ ಪಶ್ಚಿಮ ಪೂರ್ವವನ್ನು ಹೇಗೆ ಕಟ್ಟಿಕೊಂಡಿತು ಅಂತ ಬರೆದಾಗ ಹಿಂದಕ್ಕೆ ಹೋಗಿ ಗ್ರೀಕ್ ನಾಟಕಕಾರ ಈಸ್ಕಿಲಸ್‌ ಬರೆದ "ಪರ್ಷಿಯನ್ನರು" ಅನ್ನೋ ನಾಟಕವನ್ನು ಹಿಡಿದರು. ಅಲ್ಲಿಂದ ನೇರ ಗೆರೆ ಎಳೆಯೋದು ಫ್ಯಾಷನ್ ಆಗಿದೆ. ನಾನು ಅಷ್ಟು ಸಲೀಸಾಗಿ ಒಪ್ಪಲ್ಲ.

ಆ ನಾಟಕ ಆಡಿದ್ದು ಕ್ರಿ.ಪೂ. 472ರಲ್ಲಿ. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಯುದ್ಧ ಮುಗಿದು ಎಂಟೇ ವರ್ಷ. ಈಸ್ಕಿಲಸ್ ತಾನೇ ಮ್ಯಾರಥಾನಿನಲ್ಲಿ ಪರ್ಷಿಯನ್ನರ ಎದುರು ಕಾದಾಡಿದವನು. ನೋಡಲು ಕೂತವರ ಊರನ್ನು ಪರ್ಷಿಯನ್ನರು ಸುಟ್ಟಿದ್ದರು. ಅಂಥ ಜನರ ಮುಂದೆ ಅವನು ಇಟ್ಟಿದ್ದು ಏನು? ಸೋತವರ ಮನೆ. ಮಗನಿಗೆ ಕಾಯುವ ತಾಯಿ. ಸತ್ತವರ ಹೆಸರಿನ ಉದ್ದ ಪಟ್ಟಿ. ಗೆದ್ದವರು ಸೋತವರ ಅಳು ಕೇಳುತ್ತಾ ಕೂತರು. ನಮ್ಮಲ್ಲಿ ಯಾರಾದರೂ ಗೆದ್ದ ಎಂಟು ವರ್ಷಕ್ಕೆ ಎದುರಾಳಿಯ ತಾಯಿಯನ್ನು ರಂಗದ ಮೇಲೆ ತಂದಿದ್ದಾರಾ?

ಹೆರೊಡೊಟಸ್ ಕೂಡ ಹಾಗೇ. ಈಜಿಪ್ಟಿನವರೂ ತಮ್ಮ ಭಾಷೆ ಆಡದವರನ್ನು ಬರ್ಬರ ಅಂತಾರೆ ಅಂತ ಅವನೇ ಬರೆದಿದ್ದಾನೆ. ಪ್ಲುಟಾರ್ಕ್ ಅವನನ್ನು ಬರ್ಬರ ಪ್ರೇಮಿ ಅಂತ ಬೈದ.

ತೆರೆಮರೆ

ಒಪ್ಪಿದೆ. ಆ ತಾಯಿ ನಿಜವಾಗಿ ದೊಡ್ಡ ಪಾತ್ರ. ಆದರೆ ಅದೇ ನಾಟಕದಲ್ಲಿ ಪರ್ಷಿಯನ್ನರು ತಮ್ಮ ಸೈನ್ಯವನ್ನೇ "ಬರ್ಬರ ಸೈನ್ಯ" ಅಂತಾರೆ. ಅವರ ಬಾಯಲ್ಲೇ ಅದು ಬರುತ್ತದೆ. ಅಲ್ಲಿಂದ ಸುಮಾರು 600 ವರ್ಷ ಆದಮೇಲೆ, ಆಫ್ರಿಕಾದ ಒಂದು ಊರಿನಲ್ಲಿ, ಇಂಡಿಯಾದ ರಾಜನ ಬಾಯಲ್ಲೂ ಅದೇ. ಒಂದು ಅಳುವ ನಾಟಕ, ಇನ್ನೊಂದು ಹೂಸಿನ ನಾಟಕ. ಎರಡರಲ್ಲೂ ಪೂರ್ವದವನು ತನ್ನ ಹೆಸರನ್ನು ಗ್ರೀಕರಿಂದ ಸಾಲ ತಂದಿದ್ದಾನೆ. ನನ್ನ ತಲೆ ಕೆಡಿಸಿದ್ದು ಇಷ್ಟೇ.

ಇನ್ನೊಂದು. ಈ ಪ್ರಹಸನದ ಕತೆಯೂ ಸ್ವಂತದ್ದಲ್ಲ. ಯೂರಿಪಿಡಿಸ್‌ನ ಇಫಿಜೀನಿಯಾ ನಾಟಕದ ಅಣಕ. ದೂರದ ಗುಡಿ, ಸಿಕ್ಕಿಬಿದ್ದ ಹುಡುಗಿ, ಬರುವ ತಮ್ಮ, ಮೋಸ ಹೋಗುವ ರಾಜ, ಹಡಗು. ಅಲ್ಲಿ ಜಾಗ ಕ್ರಿಮಿಯಾ, ಇಲ್ಲಿ ಇಂಡಿಯಾ. ಕ್ರಿಮಿಯಾದ ಪರದೆ ಇಳಿಸಿ ಇಂಡಿಯಾದ ಪರದೆ ಕಟ್ಟಿದರು, ಕಂಪನಿ ನಾಟಕದವರು ಒಂದೇ ಅರಮನೆ ಪರದೆಯನ್ನು ಅಯೋಧ್ಯೆಗೂ ಲಂಕೆಗೂ ಬಳಸಿದ ಹಾಗೆ.

(ಇಲ್ಲದ ಪರದೆ ಅಂತ ಮೇಷ್ಟ್ರು ಬೈಯಬಾರದು, ಮಾತಿಗೆ ಹೇಳಿದೆ.)

ಹಳೇಕಾಸು

ನಮ್ಮ ನಾಟಕದ ಬ್ರಿಟಿಷ್ ದೊರೆಗಳನ್ನು ನೆನೆಸಿಕೊಳ್ಳಿ. "ಟುಮ್ಹಾರಾ ರಾಜ್ಯ ನಮ್ಗೆ ಕೊಡಿ" ಅಂತ ಟೋಪಿ ಹಾಕಿಕೊಂಡು ಬರುತ್ತಾರೆ. ಚಪ್ಪಾಳೆ ಬೀಳೋದೇ ಅವರು ತಪ್ಪು ಕನ್ನಡ ಆಡಿದಾಗ. ಪರ್ಷಿಯನ್ನರು ಹೇಳಿದ ಗ್ರೀಕರ ಅಗಲ ಟೋಪಿ ನೆನಪಾಯಿತು.

ನಿವೃತ್ತ ಮೇಷ್ಟ್ರು

ಟೋಪಿಯಿಂದ ತಲೆಗೆ ಬರೋಣ. ಕ್ರಿ.ಪೂ. 53ರಲ್ಲಿ ರೋಮಿನ ಸೇನಾಪತಿ ಕ್ರಾಸಸ್ ಇರಾನಿನ ಕಡೆಯ ಪಾರ್ಥಿಯನ್ನರ ಕೈಲಿ ಸೋತು ಸತ್ತ. ಆಗ ಪಾರ್ಥಿಯಾದ ರಾಜ ಆರ್ಮೇನಿಯಾದ ಅರಮನೆಯಲ್ಲಿ ಅತಿಥಿ. ಅಲ್ಲಿ ಯೂರಿಪಿಡಿಸ್‌ನ ಬಾಕೆ ನಾಟಕದ ಸಾಲುಗಳನ್ನು ಹಾಡುತ್ತಿದ್ದಾರೆ. ತಾಯಿ ಮಗನ ತಲೆ ಹಿಡಿದು ಬರುವ ದೃಶ್ಯ. ನಟ ಕೈಗೆತ್ತಿಕೊಂಡಿದ್ದು ಕ್ರಾಸಸ್‌ನ ತಲೆಯನ್ನೇ. ಪ್ಲುಟಾರ್ಕ್ ಬರೆದಿದ್ದಾನೆ, ಸ್ವಲ್ಪ ಉಪ್ಪುಖಾರ ಹಾಕಿರಬಹುದು. ಆದರೆ ನೋಡಿ, ಪೂರ್ವದ ರಾಜರು ಗ್ರೀಕ್ ನಾಟಕ ತಿಳಿದು ಸವಿಯುತ್ತಾ ಕೂತಿದ್ದಾರೆ. ಬರ್ಬರನ ಪಾತ್ರ ಆವತ್ತು ರೋಮಿನವನಿಗೆ ಸಿಕ್ಕಿತು.

ತೆರೆಮರೆ

ನಿನ್ನೆ ಮೊದಲ ಓದು ಆಯಿತು, ಅದನ್ನು ಹೇಳಲು ಬಂದೆ.

ಪಪೈರಸ್‌ನಲ್ಲಿ ಡೋಲು ಬಡಿಯುವ ಜಾಗಕ್ಕೆ, ತಾಳ ಹಾಕುವ ಜಾಗಕ್ಕೆ, ಹೂಸಿನ ಜಾಗಕ್ಕೂ ಗುರುತು ಹಾಕಿದ್ದಾರೆ. ಮೇಳದವರು ಕೈಯಲ್ಲಿ ಹಿಡಿದು ಆಡಿಸಿದ ಪ್ರತಿ ಇರಬೇಕು. ನಮ್ಮ ಮದ್ದಳೆ ಹುಡುಗ ಅದನ್ನೆಲ್ಲ ಬಹಳ ಶ್ರದ್ಧೆಯಿಂದ ನುಡಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ರಾಜನ ಮಾತು ಬಂತು. ಗ್ರೀಕ್ ಪ್ರೇಕ್ಷಕರು ನಗಬೇಕಾದ ಜಾಗ ಅದು. ರಾಜನ ಪಾತ್ರದ ಹುಡುಗ "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಓದಿದ. ಒಬ್ಬರೂ ನಗಲಿಲ್ಲ. ಯಾಕೆ ನಗಬೇಕು? ಮನೆಗೆ ಬಂದ ನೆಂಟ ಇನ್ನೊಂದು ಸ್ವಲ್ಪ ಹಾಕಿ ಅಂದ ಹಾಗಿತ್ತು. ಆ ಹುಡುಗ ಪುಸ್ತಕದಿಂದ ತಲೆ ಎತ್ತಿ, "ಸರ್, ಇವನು ಕೇಳಿದ್ದು ಸರಿಯಾಗೇ ಇದೆಯಲ್ಲ, ಇವನನ್ನು ಯಾಕೆ ಕಟ್ಟಿಹಾಕ್ತಾರೆ?" ಅಂದ.

ಹಾಗಾಗಿ ಈಗ ತಿರುಗಿಸಿ ಮಾಡೋಣ ಅಂತಿದ್ದೇವೆ. ರಾಜ ಮತ್ತು ಅವನ ಜನ ಪೂರ್ತಿ ಸಲೀಸು ಕನ್ನಡ. ಗ್ರೀಕರು ಮೂಲ ಗ್ರೀಕ್ ಸಾಲನ್ನೇ ಹಾಗೇ ಆಡುತ್ತಾರೆ. ಬರ್ ಬರ್ ಅಂತ ಕೇಳಿಸಲಿ. "ಬರ್ಬರ" ಸಾಲನ್ನು ಏನು ಮಾಡೋದು ಅಂತ ಮಾತ್ರ ತಿಳಿಯುತ್ತಿಲ್ಲ.

ಧಾತು_ಪ್ರತ್ಯಯ

ಅದನ್ನು ಗ್ರೀಕಿನಲ್ಲೇ ಬಿಡಿ. ಮೂಲದಲ್ಲೂ ಅವನು ಆ ಮಾತನ್ನು ಗ್ರೀಕಿನಲ್ಲೇ ಹೇಳಿದ್ದು. ತನಗೆ ಅರ್ಥವಾಗದ ಮಾತನ್ನು ಯಾರೋ ಕಲಿಸಿಕೊಟ್ಟ ಹಾಗೆ ಹೇಳಲಿ.

ಮಲ್ಪೆ_ಬಂದರು

ರಾಜನಿಗೆ ಮಂಗಳೂರು ಕನ್ನಡ ಕೊಡಿ ದಯವಿಟ್ಟು. ಮತ್ತೆ ಒಂದು ಚಂಡೆ ಬೇಕಿದ್ದರೆ ಹೇಳಿ, ನಮ್ಮ ಮಾವ ಮೈಸೂರಲ್ಲೇ ಇದ್ದಾರೆ.

ಸಣ್ಣಪ್ರಶ್ನೆ

ಟಿಕೆಟ್ ಇದೆಯಾ?

ತೆರೆಮರೆ

ಟಿಕೆಟ್ ಇಲ್ಲ. ವೈನ್ ಕೂಡ ಇಲ್ಲ. ಕಾಫಿ ಇದೆ, ನೀರು ಜಾಸ್ತಿ ಬೆರೆಸಿದ್ದು.